ಬರ್ನಾರ್ಡಿ ಹೊರಟರು, ಬಂಡಾಯ ಒಳಗೇ ಉಳಿಯಿತು: ಆಸ್ಟ್ರೇಲಿಯಾದ ಕರೆಂಟು ರಾಜಕೀಯದ ಒಂದು ಪ್ರಕರಣ

2017ರ ಫೆಬ್ರವರಿ 7, ಮಂಗಳವಾರ. ಆಸ್ಟ್ರೇಲಿಯಾದ ಸೆನೆಟ್‌ನಲ್ಲಿ ಕೋರಿ ಬರ್ನಾರ್ಡಿ ಎದ್ದು ನಿಂತು, ತಾನು ಲಿಬರಲ್ ಪಕ್ಷ ಬಿಡುತ್ತಿದ್ದೇನೆ ಎಂದರು. ಅವರು ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಿಂದ ಬಂದ ಸೆನೆಟರ್. ಲಿಬರಲ್ ಟಿಕೆಟ್ಟಿನಲ್ಲಿ ಆರು ವರ್ಷದ ಅವಧಿಗೆ ಗೆದ್ದು ಏಳು ತಿಂಗಳಷ್ಟೇ ಆಗಿತ್ತು. ಹೊಸ ಪಕ್ಷಕ್ಕೆ ಇಟ್ಟ ಹೆಸರು ಆಸ್ಟ್ರೇಲಿಯನ್ ಕನ್ಸರ್ವೇಟಿವ್ಸ್. ಸೀಟು ಬಿಟ್ಟು ಹೋಗಿ ಎಂದು ಹಳೆಯ ಸಹೋದ್ಯೋಗಿಗಳು ರೇಗಿದರು. ಅವರು ಬಿಡಲಿಲ್ಲ. ಬಿಡಲೇಬೇಕು ಅನ್ನುವ ಕಾನೂನೂ ಇಲ್ಲ. ನಮ್ಮಲ್ಲಿರುವಂಥ ಪಕ್ಷಾಂತರ ನಿಷೇಧ ಕಾಯ್ದೆ ಆಸ್ಟ್ರೇಲಿಯಾದ ಕೇಂದ್ರ ಸಂಸತ್ತಿನಲ್ಲಿ ಇಲ್ಲ.

ಆ ಪಕ್ಷ ಎರಡೂವರೆ ವರ್ಷವೂ ಬಾಳಲಿಲ್ಲ. 2019ರ ಜೂನ್‌ನಲ್ಲಿ ಬರ್ನಾರ್ಡಿಯವರೇ ಅದಕ್ಕೆ ಬೀಗ ಹಾಕಿದರು. ಪಕ್ಷವಾಗಿ ನೋಡಿದರೆ ಇದು ಪೂರ್ತಿ ಸೋಲು. ಆದರೆ ಅದೇ ಅವಧಿಯಲ್ಲಿ ಬರ್ನಾರ್ಡಿ ಬೇಡ ಅನ್ನುತ್ತಿದ್ದ, ಹೊಗೆ ತಗ್ಗಿಸುವ ಇಂಧನ ನೀತಿಗಳು ಒಂದಾದ ಮೇಲೊಂದು ಮಣ್ಣುಪಾಲಾದವು. ಕೊನೆಗೆ ಪ್ರಧಾನಿಯೂ ಬಿದ್ದರು. ಹಾಗಾದರೆ ಈ ಕೆಲಸ ಮಾಡಿದ್ದು ಯಾರು? ಪಕ್ಷ ಬಿಟ್ಟು ಹೋದವರಲ್ಲ, ಬಿಡದೆ ಒಳಗೆ ಕೂತು ಎದುರು ಮತ ಹಾಕ್ತೀವಿ ಅಂತ ಹೆದರಿಸಿದವರು ಅನ್ನುವುದು ನನ್ನ ಓದು. ಈ ಪ್ರಕರಣವನ್ನು ಬಿಡಿಸಿ ನೋಡುವ ಕಾರಣವೂ ಅದೇ.

76 ಅನ್ನುವ ಸಂಖ್ಯೆ

ಮೊದಲು ಲೆಕ್ಕ ತಿಳಿದಿರಬೇಕು. ಆಸ್ಟ್ರೇಲಿಯಾದ ಕೆಳಮನೆಯಲ್ಲಿ ಆಗ 150 ಸ್ಥಾನ ಇದ್ದವು. ಬಲಪಂಥದ ಕಡೆ ಎರಡು ಪಕ್ಷಗಳ ಒಕ್ಕೂಟವಿದೆ: ನಗರಗಳಲ್ಲಿ ಬಲವಾಗಿರುವ ಲಿಬರಲ್ ಪಕ್ಷ, ಹಳ್ಳಿಗಾಡಿನಲ್ಲಿ ಬಲವಾಗಿರುವ ನ್ಯಾಷನಲ್ಸ್. ಎದುರು ಬದಿಯಲ್ಲಿ ಲೇಬರ್. 2016ರ ಜುಲೈ 2ರ ಚುನಾವಣೆಯಲ್ಲಿ ಪ್ರಧಾನಿ ಮಾಲ್ಕಮ್ ಟರ್ನ್‌ಬುಲ್ ಅವರ ಒಕ್ಕೂಟಕ್ಕೆ ಸಿಕ್ಕಿದ್ದು ಸರಿಯಾಗಿ 76. ಅಂದರೆ ಒಂದೇ ಸೀಟಿನ ಬಹುಮತ. ಇಬ್ಬರು ಮುನಿಸಿಕೊಂಡರೆ ಸರ್ಕಾರದ ಮಸೂದೆ ಸೋಲುತ್ತದೆ, ವಿರೋಧ ಪಕ್ಷ ಕೈಹಿಡಿದರೆ ಮಾತ್ರ ಉಳಿಯುತ್ತದೆ.

ಸೆನೆಟ್‌ನ ಕಥೆ ಬೇರೆ. ಅಲ್ಲಿ ಪ್ರತಿ ರಾಜ್ಯವೂ ಒಟ್ಟಾಗಿ ಒಂದು ಕ್ಷೇತ್ರ. ಮತದ ಪಾಲಿಗೆ ತಕ್ಕಂತೆ ಸೀಟು. ಹಾಗಾಗಿ ಸಣ್ಣ ಪಕ್ಷಗಳಿಗೆ ಅಲ್ಲಿ ಜಾಗ ಸಿಗುತ್ತದೆ. 2016ರಲ್ಲಿ ಪಾಲಿನ್ ಹ್ಯಾನ್ಸನ್ ಅವರ ಕಡು ಬಲಪಂಥದ ಪಕ್ಷ ಒನ್ ನೇಷನ್ ನಾಲ್ಕು ಸೆನೆಟ್ ಸ್ಥಾನ ಗೆದ್ದಿದ್ದು ಹಾಗೇ. ಹ್ಯಾನ್ಸನ್ ಕೂಡ ಮೂಲತಃ ಲಿಬರಲ್ ಅಭ್ಯರ್ಥಿಯೇ. 1996ರಲ್ಲಿ ಪಕ್ಷ ಅವರಿಂದ ಟಿಕೆಟ್ ಕಿತ್ತುಕೊಂಡಿತು, ಅವರು ಪಕ್ಷೇತರರಾಗಿ ಗೆದ್ದರು, ಮರುವರ್ಷ ಒನ್ ನೇಷನ್ ಕಟ್ಟಿದರು. ಬರ್ನಾರ್ಡಿಗೆ ಮುಂದೆ ಕಂಡ ದಾರಿ ಅದು.

ಇನ್ನೊಂದು ವಿಷಯ. ಅಲ್ಲಿನ ಮತದಾರ ಒಬ್ಬರಿಗೆ ಮಾತ್ರ ಮತ ಹಾಕಿ ಬರುವುದಿಲ್ಲ. ಕೆಳಮನೆಯ ಮತಪತ್ರದಲ್ಲಿ ಎಲ್ಲ ಅಭ್ಯರ್ಥಿಗಳಿಗೂ 1, 2, 3 ಎಂದು ಕ್ರಮಸಂಖ್ಯೆ ಬರೆಯುತ್ತಾನೆ. ಅವನ ಮೊದಲ ಆಯ್ಕೆ ಸೋತರೆ ಮತ ಮುಂದಿನ ಆಯ್ಕೆಗೆ ಹೋಗುತ್ತದೆ. ಅಂದರೆ ಒಡೆದು ಹೋದ ಪಕ್ಷಕ್ಕೆ ಬಿದ್ದ ಮತ ತಿರುಗಿ ತಾಯಿಪಕ್ಷಕ್ಕೇ ಬರಬಹುದು. ನಮ್ಮಲ್ಲಾದರೆ ಮತ ಒಡೆಯಿತು, ಸೀಟು ಹೋಯಿತು ಅನ್ನುತ್ತೇವೆ. ಅಲ್ಲಿ ಅಷ್ಟು ಸಲೀಸಾಗಿ ಹೋಗುವುದಿಲ್ಲ. ಆದರೂ ಲಿಬರಲ್ ಸಂಸದರು ಬಲಗಡೆಯ ಸಣ್ಣ ಪಕ್ಷಗಳಿಗೆ ಅಷ್ಟು ಹೆದರುತ್ತಿದ್ದರು. ಯಾಕೆಂದರೆ ಮತ ತಿರುಗಿ ಬಂದೇ ಬರುತ್ತದೆ ಅನ್ನುವ ಖಾತ್ರಿ ಯಾರಿಗೂ ಇರಲಿಲ್ಲ.

ಹಳೆಯ ಗಾಯ

ಟರ್ನ್‌ಬುಲ್ ಈ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದವರು. 2009ರಲ್ಲಿ ಅವರು ವಿರೋಧ ಪಕ್ಷದ ನಾಯಕ. ಪ್ರಧಾನಿ ಕೆವಿನ್ ರಡ್ ಇಂಗಾಲಕ್ಕೆ ಬೆಲೆ ಕಟ್ಟುವ ಮಸೂದೆ ತಂದಿದ್ದರು. ಕಾರ್ಖಾನೆಗಳು ಹೊಗೆ ಬಿಡಲು ಪರವಾನಗಿ ಕೊಳ್ಳಬೇಕು, ಆ ಪರವಾನಗಿಗಳನ್ನು ಮಾರುಕಟ್ಟೆಯಲ್ಲಿ ಮಾರಬಹುದು ಅನ್ನುವ ಏರ್ಪಾಡು. ಟರ್ನ್‌ಬುಲ್ ಸರ್ಕಾರದ ಜೊತೆ ಮಾತಾಡಿ ತಿದ್ದುಪಡಿ ಹಾಕಿಸಿ ಬೆಂಬಲ ಕೊಡಲು ಒಪ್ಪಿದರು. ಪಕ್ಷದೊಳಗೆ ದಂಗೆ ಎದ್ದಿತು. ದಂಗೆಗೆ ಮುಂಚೂಣಿಯಲ್ಲಿದ್ದವರಲ್ಲಿ ಬರ್ನಾರ್ಡಿಯೂ ಒಬ್ಬರು. ಡಿಸೆಂಬರ್ 1ರಂದು ನಾಯಕತ್ವಕ್ಕಾಗಿ ಪಕ್ಷದ ಸಂಸದರು ಹಾಕಿದ ಮತದಲ್ಲಿ ಟೋನಿ ಅಬಾಟ್ 42–41ರಲ್ಲಿ ಟರ್ನ್‌ಬುಲ್ ಅವರನ್ನು ಸೋಲಿಸಿದರು. ಒಂದೇ ಮತ! ಮಸೂದೆ ಸೆನೆಟ್‌ನಲ್ಲಿ ಬಿತ್ತು. ಸಾಲದು ಎಂದು ಪರಿಸರವಾದಿ ಗ್ರೀನ್ಸ್ ಪಕ್ಷದವರೂ ಅದರ ವಿರುದ್ಧವೇ ಮತ ಹಾಕಿದರು ಅನ್ನುವುದನ್ನು ಈಗ ಯಾರೂ ನೆನಪಿಸಿಕೊಳ್ಳಲು ಇಷ್ಟಪಡುವುದಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಮಸೂದೆ ಮತ್ತೆ ಬಂದಾಗ ಟರ್ನ್‌ಬುಲ್ ಸ್ವಂತ ಪಕ್ಷದ ಎದುರೇ ಮತ ಹಾಕಿದರು. ಆ ಸಿಟ್ಟು ಬಲಪಂಥದವರಲ್ಲಿ ಆರಲೇ ಇಲ್ಲ.

ಆಮೇಲಿನದು ಬೇಗ ಹೇಳಬಹುದು. ಜೂಲಿಯಾ ಗಿಲ್ಲಾರ್ಡ್ ಸರ್ಕಾರ 2012ರ ಜುಲೈ 1ರಿಂದ ಟನ್ ಇಂಗಾಲಕ್ಕೆ 23 ಡಾಲರ್ ಬೆಲೆ ಹಾಕಿತು. ಅಬಾಟ್ ಅದನ್ನು 'ಕಾರ್ಬನ್ ಟ್ಯಾಕ್ಸ್' ಎಂದು ಕರೆದು ಊರೂರು ತಿರುಗಿದರು, 2013ರಲ್ಲಿ ಗೆದ್ದರು, 2014ರ ಜುಲೈನಲ್ಲಿ ಅದನ್ನು ರದ್ದು ಮಾಡಿದರು.

ಈ ರದ್ದತಿಯಲ್ಲಿ ಒಂದು ತಮಾಷೆಯ ತಿರುವಿದೆ. ರದ್ದು ಮಾಡಲು ಸೆನೆಟ್‌ನಲ್ಲಿ ಬೇಕಾಗಿದ್ದ ಮತಗಳು ಕ್ಲೈವ್ ಪಾಮರ್ ಕೈಯಲ್ಲಿದ್ದವು. ಪಾಮರ್ ಕ್ವೀನ್ಸ್‌ಲ್ಯಾಂಡ್‌ನ ಗಣಿ ಕುಬೇರ. ದಶಕಗಟ್ಟಲೆ ಬಲಪಂಥದ ಪಕ್ಷದಲ್ಲೇ ಇದ್ದು, 2012ರಲ್ಲಿ ಜಗಳ ಮಾಡಿಕೊಂಡು ಹೊರಬಂದು, ತಮ್ಮದೇ ಹೆಸರಿನ ಪಕ್ಷ ಕಟ್ಟಿದವರು. ಕಲ್ಲಿದ್ದಲು ನಿಕ್ಷೇಪಗಳ ಒಡೆಯ. ಅಂಥವರು 2014ರ ಜೂನ್‌ನಲ್ಲಿ ಕ್ಯಾನ್‌ಬೆರಾದಲ್ಲಿ ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪತ್ರಿಕಾಗೋಷ್ಠಿ ಮಾಡಿದರು. ಇಂಗಾಲದ ಬೆಲೆ ರದ್ದಿಗೆ ಮತ ಕೊಡುತ್ತೇವೆ, ಆದರೆ ಹಸಿರು ಇಂಧನಕ್ಕೆ ಸಾಲ ಕೊಡುವ ಸರ್ಕಾರಿ ಸಂಸ್ಥೆಯನ್ನು ಮುಟ್ಟಲು ಬಿಡುವುದಿಲ್ಲ ಎಂದರು. ಆ ಸಂಸ್ಥೆ ಇವತ್ತಿಗೂ ಇದೆ. ಬಲಪಂಥದಿಂದ ಸಿಡಿದು ಬಂದ ಪಕ್ಷ ಅಂದರೆ ಕಣ್ಣುಮುಚ್ಚಿ ಕಲ್ಲಿದ್ದಲ ಪರ ಅಂತ ತೀರ್ಮಾನ ಮಾಡುವ ಹಾಗಿಲ್ಲ.

2015ರ ಸೆಪ್ಟೆಂಬರ್‌ನಲ್ಲಿ ಟರ್ನ್‌ಬುಲ್ ಸೇಡು ತೀರಿಸಿಕೊಂಡರು. 54–44ರಲ್ಲಿ ಅಬಾಟ್ ಅವರನ್ನು ಇಳಿಸಿ ಪ್ರಧಾನಿಯಾದರು. ಆದರೆ ಅದಕ್ಕೆ ಕೊಟ್ಟ ಬೆಲೆ ದೊಡ್ಡದು. ಇಂಗಾಲದ ಬೆಲೆಯ ಕಡೆ ಮತ್ತೆ ಹೋಗುವುದಿಲ್ಲ, ಅಬಾಟ್ ಕಾಲದ ಹವಾಮಾನ ನೀತಿಯನ್ನೇ ಮುಂದುವರಿಸುತ್ತೇನೆ ಅಂತ ಪಕ್ಷದವರಿಗೆ ಭರವಸೆ ಕೊಟ್ಟೇ ಕುರ್ಚಿ ಏರಿದ್ದರು.

ಕತ್ತಲಾದ ರಾಜ್ಯ, ಹಿಂದೆ ಸರಿದ ಮಂತ್ರಿ

2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾಕ್ಕೆ ಭಾರಿ ಬಿರುಗಾಳಿ ಬಡಿಯಿತು. ಇಪ್ಪತ್ತಕ್ಕೂ ಹೆಚ್ಚು ಹೈಟೆನ್ಷನ್ ಟವರ್‌ಗಳು ನೆಲಕ್ಕುರುಳಿದವು. ವೋಲ್ಟೇಜ್ ಪದೇ ಪದೇ ಕುಸಿದಾಗ ಹಲವು ಗಾಳಿವಿದ್ಯುತ್ ಕೇಂದ್ರಗಳು ತಮ್ಮ ರಕ್ಷಣಾ ಸೆಟ್ಟಿಂಗ್ ಪ್ರಕಾರ ಒಮ್ಮೆಲೇ ಉತ್ಪಾದನೆ ತಗ್ಗಿಸಿದವು. ಆ ಕೊರತೆಯ ಭಾರವೆಲ್ಲ ಪಕ್ಕದ ವಿಕ್ಟೋರಿಯಾದಿಂದ ಬರುವ ಲೈನಿನ ಮೇಲೆ ಬಿದ್ದು ಅದೂ ಟ್ರಿಪ್ ಆಯಿತು. ಸುಮಾರು 8.5 ಲಕ್ಷ ಗ್ರಾಹಕರು, ಅಂದರೆ ಇಡೀ ರಾಜ್ಯ ಕತ್ತಲಲ್ಲಿ ಮುಳುಗಿತು.

ಅದೇ ವರ್ಷ ಮೇ ತಿಂಗಳಲ್ಲಿ ಆ ರಾಜ್ಯದ ಕೊನೆಯ ಕಲ್ಲಿದ್ದಲು ಸ್ಥಾವರ, ಪೋರ್ಟ್ ಆಗಸ್ಟಾದ್ದು, ಮುಚ್ಚಿತ್ತು. ಅಷ್ಟು ಸಾಕಾಯಿತು. ಗಾಳಿಯಂತ್ರ ನಂಬಿ ಕೆಟ್ಟರು ಅನ್ನುವ ಮಾತು ಟವರ್‌ಗಳನ್ನು ಎತ್ತಿ ನಿಲ್ಲಿಸುವ ಮೊದಲೇ ದೇಶದ ತುಂಬ ಹಬ್ಬಿತು. ನಿಜ ಏನೆಂದರೆ ಎರಡೂ ಇತ್ತು. ಬಿರುಗಾಳಿ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಗಾಳಿಯಂತ್ರಗಳ ಸೆಟ್ಟಿಂಗ್ ಬೇರೆ ಇದ್ದಿದ್ದರೂ ಬಹುಶಃ ಆಗುತ್ತಿರಲಿಲ್ಲ. ಸೆಟ್ಟಿಂಗನ್ನು ಆಮೇಲೆ ಬದಲಾಯಿಸಿದರು. ಆದರೆ ರಾಜಕೀಯದಲ್ಲಿ ಸೆಟ್ಟಿಂಗ್ ಬಗ್ಗೆ ಭಾಷಣ ಮಾಡಿದರೆ ಚಪ್ಪಾಳೆ ಬೀಳುತ್ತದಾ?

ಕರೆಂಟ್ ಬಿಲ್ಲೂ ಏರುತ್ತಿತ್ತು. ಅದಕ್ಕೂ ಹಲವು ಕಾರಣ. ತಂತಿ, ಕಂಬ, ಸಬ್‌ಸ್ಟೇಷನ್‌ಗಳ ಮೇಲೆ ಕಂಪನಿಗಳು ಬೇಕಾಬಿಟ್ಟಿ ಸುರಿದ ದುಡ್ಡು ಗ್ರಾಹಕರ ತಲೆಗೆ ಬಂದಿತ್ತು. 2018ರ ಜುಲೈನಲ್ಲಿ ಅಲ್ಲಿನ ಸ್ಪರ್ಧಾ ಆಯೋಗ ಕೊಟ್ಟ ವರದಿ, ಹತ್ತು ವರ್ಷದ ಏರಿಕೆಯಲ್ಲಿ ಅತಿ ದೊಡ್ಡ ಪಾಲು ಈ ಜಾಲದ ವೆಚ್ಚದ್ದೇ ಎಂದಿತು. ಜೊತೆಗೆ ಕ್ವೀನ್ಸ್‌ಲ್ಯಾಂಡ್‌ನ ಗ್ಲಾಡ್‌ಸ್ಟನ್‌ನಿಂದ ಅನಿಲ ಹಡಗು ಹತ್ತಿ ಏಷ್ಯಾಕ್ಕೆ ಹೋಗತೊಡಗಿದ ಮೇಲೆ ಒಳನಾಡಿನಲ್ಲಿ ಅನಿಲದ ಬೆಲೆ ಏರಿತು, ಅನಿಲದಿಂದ ಬರುವ ಕರೆಂಟೂ ದುಬಾರಿಯಾಯಿತು. ಹಸಿರು ಇಂಧನದ ಯೋಜನೆಗಳ ವೆಚ್ಚವೂ ಬಿಲ್ಲಿನಲ್ಲಿ ಒಂದಷ್ಟು ಇತ್ತು, ಇಲ್ಲ ಅನ್ನುವಂತಿಲ್ಲ. ಬಿಲ್ ಕಟ್ಟುವವನಿಗೆ ಈ ಲೆಕ್ಕ ಬಿಡಿಸಿ ಹೇಳುವ ತಾಳ್ಮೆ ಯಾವ ಪಕ್ಷಕ್ಕೂ ಇರಲಿಲ್ಲ.

2016ರ ಡಿಸೆಂಬರ್‌ನಲ್ಲಿ ಇಂಧನ ಮಂತ್ರಿ ಜಾಶ್ ಫ್ರೈಡನ್‌ಬರ್ಗ್ ಹವಾಮಾನ ನೀತಿಯ ಪರಿಶೀಲನೆ ಘೋಷಿಸಿದರು. ವಿದ್ಯುತ್ ಸ್ಥಾವರಗಳಿಗೆ ಯೂನಿಟ್ಟಿಗೆ ಇಷ್ಟೇ ಹೊಗೆ ಎಂದು ಒಂದು ಮಟ್ಟ ಹಾಕಿ, ಮೀರಿದವರು ಕಡಿಮೆ ಹೊಗೆ ಬಿಡುವವರಿಂದ ಅಂಕ ಕೊಳ್ಳುವ ಯೋಜನೆಯನ್ನೂ ನೋಡುತ್ತೇವೆ ಎಂದರು. ಸರ್ಕಾರದ ಬೊಕ್ಕಸಕ್ಕೆ ಇದರಿಂದ ಒಂದು ಪೈಸೆ ಬರುವುದಿಲ್ಲ. ತೆರಿಗೆ ಅಂತೂ ಅಲ್ಲವೇ ಅಲ್ಲ. ನೋಡುತ್ತೇವೆ ಎಂದಿದ್ದರೇ ಹೊರತು ಮಾಡುತ್ತೇವೆ ಎಂದೂ ಹೇಳಿರಲಿಲ್ಲ.

ಆದರೂ ಬರ್ನಾರ್ಡಿ ಮೊದಲಿಗರಾಗಿ ಹರಿಹಾಯ್ದರು. ಉಳಿದವರು ದನಿಗೂಡಿಸಿದರು. ಎರಡು ದಿನ ಕಳೆಯುವಷ್ಟರಲ್ಲಿ ಮಂತ್ರಿ ತಾನು ಹಾಗೆ ಹೇಳಿಯೇ ಇಲ್ಲ ಎಂದರು. ಪ್ರಧಾನಿ ಆ ಯೋಜನೆಗೆ ಬಾಗಿಲೇ ಮುಚ್ಚಿದರು. ಬರ್ನಾರ್ಡಿಯ ರಾಜಕೀಯ ಜೀವನದಲ್ಲಿ ಅತಿ ಹೆಚ್ಚು ಪರಿಣಾಮ ಬೀರಿದ ಎರಡು ದಿನ ಇವೇ ಅಂತ ನನಗನ್ನಿಸುತ್ತದೆ. ಗಮನಿಸಿ, ಆಗ ಅವರು ಇನ್ನೂ ಲಿಬರಲ್ ಪಕ್ಷದಲ್ಲೇ ಇದ್ದರು.

ಫೆಬ್ರವರಿಯ ಆ ವಾರ

ಪಕ್ಷ ಬಿಟ್ಟ ವಾರ ಹೇಗಿತ್ತು ನೋಡಿ. ಮಂಗಳವಾರ ಬರ್ನಾರ್ಡಿ ಹೊರಟರು. ಆಗ ಅಲ್ಲಿ ಬೇಸಿಗೆ, ಉರಿ ಬಿಸಿಲು. ಬುಧವಾರ ಸಂಜೆ ಅವರದೇ ಊರಾದ ಅಡಿಲೇಡ್‌ನಲ್ಲಿ ಎಲ್ಲರ ಮನೆಯ ಏಸಿ ಓಡುತ್ತಿತ್ತು, ಗಾಳಿ ಬಿದ್ದುಹೋಗಿತ್ತು, ಒಂದು ದೊಡ್ಡ ಅನಿಲ ಘಟಕ ಸುಮ್ನೆ ನಿಂತಿತ್ತು. ಗ್ರಿಡ್ ನಿರ್ವಾಹಕರು ಲೋಡ್ ಶೆಡ್ಡಿಂಗ್ ಮಾಡಲು ಹೇಳಿದರು. ಸಾಫ್ಟ್‌ವೇರ್ ತಪ್ಪಿನಿಂದ ಕಡಿತ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿಯಾಗಿ ಸುಮಾರು 90,000 ಗ್ರಾಹಕರ ಕರೆಂಟು ಹೋಯಿತು.

ಗುರುವಾರ ಖಜಾನೆ ಮಂತ್ರಿ ಸ್ಕಾಟ್ ಮಾರಿಸನ್ ಸಂಸತ್ತಿಗೆ ಒಂದು ಕಲ್ಲಿದ್ದಲ ಉಂಡೆ ತಂದರು. ಇದು ಕಲ್ಲಿದ್ದಲು, ಹೆದರಬೇಡಿ, ಕಚ್ಚುವುದಿಲ್ಲ ಅನ್ನುವ ಧಾಟಿಯಲ್ಲಿ ವಿರೋಧ ಪಕ್ಷದವರನ್ನು ಹಂಗಿಸಿದರು. ಪಕ್ಕದ ಮಂತ್ರಿಗಳು ಅದನ್ನು ಕೈಯಿಂದ ಕೈಗೆ ದಾಟಿಸಿ ನಕ್ಕರು. ಉಂಡೆ ಬಂದಿದ್ದು ಗಣಿ ಕಂಪನಿಗಳ ಸಂಘದಿಂದ. ಕೈಗೆ ಮಸಿ ಹತ್ತದಿರಲಿ ಎಂದು ಅದಕ್ಕೆ ಮೊದಲೇ ವಾರ್ನಿಷ್ ಬಳಿದಿದ್ದರು.

ಶುಕ್ರವಾರ ಬಿಸಿಲು ನ್ಯೂ ಸೌತ್ ವೇಲ್ಸ್‌ಗೆ ಏರಿತು. ಆ ರಾಜ್ಯದ ಕರೆಂಟಿನ ದೊಡ್ಡ ಪಾಲು ಕಲ್ಲಿದ್ದಲಿನಿಂದಲೇ ಬರುತ್ತದೆ. ಅಲ್ಲೂ ಸಾಲದೆ ಟೊಮಾಗೊದ ಅಲ್ಯುಮಿನಿಯಂ ಕಾರ್ಖಾನೆಗೆ ಕರೆಂಟು ಕಡಿತ ಮಾಡಬೇಕಾಯಿತು. ಅದರ ಬಗ್ಗೆ ಯಾರೂ ಉಂಡೆ ತರಲಿಲ್ಲ.

ಭಾನುವಾರ ಟೀವಿ ಚರ್ಚೆಯೊಂದರಲ್ಲಿ ಅಬಾಟ್ ಅವರ ಹಳೆಯ ಮುಖ್ಯ ಸಲಹೆಗಾರ್ತಿ ಪೀಟಾ ಕ್ರೆಡ್ಲಿನ್ ಒಂದು ಮಾತು ಹೇಳಿದರು. ಗಿಲ್ಲಾರ್ಡ್ ತಂದಿದ್ದು ನಿಜಕ್ಕೂ ಕಾರ್ಬನ್ ಟ್ಯಾಕ್ಸ್ ಆಗಿರಲಿಲ್ಲ, ನಾವು ಅದನ್ನು ಹಾಗೆ ಮಾಡಿದೆವು, ಅದು ಒರಟು ರಾಜಕೀಯ ಅನ್ನುವುದು ಅದರ ಸಾರ. ದೇಶದ ಇಂಧನ ನೀತಿಯನ್ನು ಹತ್ತು ವರ್ಷ ಸುಟ್ಟ ಜಗಳದ ಬಗ್ಗೆ ಇಷ್ಟು ನಿರಾಳವಾಗಿ ಮಾತಾಡಿದ್ದನ್ನು ಓದಿದಾಗ ಸಿಟ್ಟು ಬರುತ್ತದೆ, ಅಲ್ವಾ? ಬರ್ನಾರ್ಡಿ ಹೊರಟ ಮೂರನೇ ದಿನಕ್ಕೇ ಜನ ಕಲ್ಲಿದ್ದಲ ಉಂಡೆಯ ಬಗ್ಗೆ ಮಾತಾಡುತ್ತಿದ್ದರು, ಹೊಸ ಪಕ್ಷದ ಬಗ್ಗೆ ಅಲ್ಲ. ಅವರು ಹೊರಗೆ ನಿಂತು ಕೂಗಬೇಕೆಂದಿದ್ದನ್ನು ಒಳಗಿದ್ದ ಖಜಾನೆ ಮಂತ್ರಿಯೇ ಕೂಗಿಬಿಟ್ಟಿದ್ದರು.

ಫಿಂಕೆಲ್ ವರದಿಯಿಂದ 'ನೆಗ್' ವರೆಗೆ

2017ರ ಮಾರ್ಚ್ ಕೊನೆಯಲ್ಲಿ ವಿಕ್ಟೋರಿಯಾದ ಲಟ್ರೋಬ್ ಕಣಿವೆಯ ಹೇಜಲ್‌ವುಡ್ ಸ್ಥಾವರ ಮುಚ್ಚಿತು. 1,600 ಮೆಗಾವ್ಯಾಟ್‌ನ, 1960ರ ದಶಕದ ಲಿಗ್ನೈಟ್ ಸ್ಥಾವರ ಅದು. ಮುಚ್ಚುವ ವಿಷಯ ಕಂಪನಿ ತಿಳಿಸಿದ್ದು ಐದೇ ತಿಂಗಳು ಮೊದಲು. ಸಗಟು ಮಾರುಕಟ್ಟೆಯಲ್ಲಿ ಕರೆಂಟಿನ ಬೆಲೆ ಏರಿತು. ಹೊಸ ಸ್ಥಾವರಕ್ಕೆ ದುಡ್ಡು ಹಾಕುವವರಿಗೆ ಮುಂದಿನ ನಿಯಮ ಏನೆಂದು ಗೊತ್ತಿಲ್ಲ, ಹಳೆಯವು ಹೇಳದೆ ಕೇಳದೆ ಮುಚ್ಚುತ್ತಿವೆ. ಈ ಗೊಂದಲ ಬಗೆಹರಿಸಲು ದೇಶದ ಮುಖ್ಯ ವಿಜ್ಞಾನಿ ಆಲನ್ ಫಿಂಕೆಲ್ ಅವರಿಗೆ ವರದಿ ಬರೆಯಲು ಹೇಳಿದ್ದರು.

ಜೂನ್‌ನಲ್ಲಿ ವರದಿ ಬಂತು. 50 ಶಿಫಾರಸು. ಸರ್ಕಾರ 49ಕ್ಕೆ ಹೂಂ ಅಂದಿತು. ಬಿಟ್ಟ ಆ ಒಂದೇ ಮುಖ್ಯವಾದದ್ದು: ಕಡಿಮೆ ಹೊಗೆಯ ಕರೆಂಟಿಗೆ ಪ್ರೋತ್ಸಾಹ ಕೊಡುವ ಗುರಿ. ಲಿಬರಲ್ ಮತ್ತು ನ್ಯಾಷನಲ್ಸ್ ಸಂಸದರ ಸಭೆಯಲ್ಲಿ ಅದಕ್ಕೆ ಭಾರಿ ವಿರೋಧ ಬಂತು. ಅಬಾಟ್ ಮುಂದಾಳು. ಕೆಲವು ತಿಂಗಳು ಎಳೆದಾಡಿ ಅದನ್ನೂ ಕೈಬಿಟ್ಟರು.

ಅಕ್ಟೋಬರ್ 17ರಂದು ಬಂದದ್ದು ನ್ಯಾಷನಲ್ ಎನರ್ಜಿ ಗ್ಯಾರಂಟಿ. ಎಲ್ಲರ ಬಾಯಲ್ಲೂ ಅದು 'ನೆಗ್'. ಇದರ ಭಾರ ಹೊರುವುದು ಸ್ಥಾವರಗಳಲ್ಲ, ಮನೆಮನೆಗೆ ಕರೆಂಟು ಮಾರುವ ಕಂಪನಿಗಳು. ಅವಕ್ಕೆ ಎರಡು ಷರತ್ತು. ಒಂದು, ಬೇಕೆಂದಾಗ ಸಿಗುವ ಕರೆಂಟಿಗೆ ಮೊದಲೇ ಒಪ್ಪಂದ ಮಾಡಿಕೊಂಡಿರಬೇಕು. ಎರಡು, ಕೊಂಡ ಕರೆಂಟಿನ ಸರಾಸರಿ ಹೊಗೆ ನಿಗದಿಯಾದ ಮಟ್ಟ ಮೀರಬಾರದು. ವಿದ್ಯುತ್ ಕ್ಷೇತ್ರದ ಗುರಿ, 2030ಕ್ಕೆ 2005ರ ಮಟ್ಟಕ್ಕಿಂತ ಶೇ. 26 ಕಡಿಮೆ. ತೆರಿಗೆ ಇಲ್ಲ, ಸಬ್ಸಿಡಿ ಇಲ್ಲ, ಇಂಗಾಲಕ್ಕೆ ಬೆಲೆ ಅನ್ನುವ ಪದವೂ ಇಲ್ಲ.

ಎಡಗಡೆಯವರಿಗೆ ಇದು ತೀರಾ ಸಪ್ಪೆ. ಆ ಗುರಿ ಹೊಸದೇನೂ ಕಟ್ಟಿಸುವುದಿಲ್ಲ ಅನ್ನುವ ಟೀಕೆಯಲ್ಲಿ ಹುರುಳಿತ್ತು. ಆದರೆ ಉದ್ಯಮದವರು, ದೊಡ್ಡ ಗ್ರಾಹಕರು, ರೈತರ ಸಂಘ, ಎಲ್ಲರೂ ಯಾವುದೋ ಒಂದು ನಿಯಮ ಬರಲಿ ಮಾರಾಯ್ರೇ ಅನ್ನುವ ಸ್ಥಿತಿಗೆ ಬಂದಿದ್ದರು. ಈ ಶೇ. 26 ಎಲ್ಲಿಂದ ಬಂತು? ಪ್ಯಾರಿಸ್ ಒಪ್ಪಂದಕ್ಕೆ ಆಸ್ಟ್ರೇಲಿಯಾ ಕೊಟ್ಟ ಮಾತು ಶೇ. 26ರಿಂದ 28. ಅದನ್ನು 2015ರ ಆಗಸ್ಟ್‌ನಲ್ಲಿ ಘೋಷಿಸಿದ್ದು ಅಬಾಟ್ ಸರ್ಕಾರವೇ. 2018ರ ಜುಲೈನಲ್ಲಿ ಅದೇ ಅಬಾಟ್ ಪ್ಯಾರಿಸ್ ಒಪ್ಪಂದದಿಂದ ಹೊರಬರಬೇಕು ಎಂದರು.

ಆ ಹೊತ್ತಿಗೆ ಒಳಗಿನ ಬಂಡಾಯಕ್ಕೆ ಒಂದು ಹೆಸರೂ ಬಂದಿತ್ತು. 2018ರ ಏಪ್ರಿಲ್‌ನಲ್ಲಿ ಅಬಾಟ್, ಬಾರ್ನಬಿ ಜಾಯ್ಸ್, ಕ್ರೇಗ್ ಕೆಲ್ಲಿ, ಎರಿಕ್ ಅಬೆಟ್ಸ್, ಕೆವಿನ್ ಆಂಡ್ರ್ಯೂಸ್ ಮುಂತಾದವರು ಮೊನಾಶ್ ಫೋರಂ ಎಂಬ ಗುಂಪು ಕಟ್ಟಿದರು. ಸರ್ಕಾರದ ದುಡ್ಡಿನಲ್ಲಿ ಹೊಸ ಕಲ್ಲಿದ್ದಲು ಸ್ಥಾವರ ಕಟ್ಟಬೇಕು ಅನ್ನುವುದು ಬೇಡಿಕೆ. ಖಾಸಗಿ ಬಂಡವಾಳದ ಗುಣ ಹಾಡುವ ಪಕ್ಷದವರು ಸರ್ಕಾರಿ ಸ್ಥಾವರ ಕೇಳುವುದು ವಿಚಿತ್ರ, ಆದರೆ ಬ್ಯಾಂಕುಗಳು ಹೊಸ ಕಲ್ಲಿದ್ದಲಿಗೆ ಸಾಲ ಕೊಡಲು ತಯಾರಿರಲಿಲ್ಲ. ಜನರಲ್ ಜಾನ್ ಮೊನಾಶ್ ಮೊದಲ ಮಹಾಯುದ್ಧದ ವೀರ, ಆಮೇಲೆ ವಿಕ್ಟೋರಿಯಾದ ವಿದ್ಯುತ್ ಆಯೋಗದ ಮುಖ್ಯಸ್ಥ. ಅವರ ವಂಶಸ್ಥರು ಆ ಹೆಸರು ಬಳಸಬೇಡಿ ಎಂದು ಬಹಿರಂಗವಾಗಿ ಕೇಳಿಕೊಂಡರು. ಫೋರಂನವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಇದೆಲ್ಲ ನಡೆಯುವಾಗ ಬರ್ನಾರ್ಡಿ ಎಲ್ಲಿದ್ದರು? ಅವರ ಪಕ್ಷ 2017ರಲ್ಲಿ ಫ್ಯಾಮಿಲಿ ಫಸ್ಟ್ ಎಂಬ ಸಣ್ಣ ಕ್ರೈಸ್ತ ಪಕ್ಷವನ್ನು ಸೇರಿಸಿಕೊಂಡಿತ್ತು. ಅದರಿಂದ ದಕ್ಷಿಣ ಆಸ್ಟ್ರೇಲಿಯಾ ಮೇಲ್ಮನೆಯ ಇಬ್ಬರು ಸದಸ್ಯರು ಬಂದರು. 2018ರ ಮಾರ್ಚ್‌ನ ರಾಜ್ಯ ಚುನಾವಣೆಯಲ್ಲಿ ಒಬ್ಬರು ಸೋತರು. ಇನ್ನೊಬ್ಬರು, ಡೆನ್ನಿಸ್ ಹುಡ್, ಚುನಾವಣೆ ಮುಗಿದು ಹೆಚ್ಚು ದಿನ ಆಗುವ ಮೊದಲೇ ಲಿಬರಲ್ ಪಕ್ಷ ಸೇರಿಬಿಟ್ಟರು. ಬಾಗಿಲ ಹತ್ತಿರ ಚೀಲ ಹಿಡಿದು ನಿಂತವನನ್ನು ಮನೆಯವರು ಓಲೈಸುತ್ತಾರೆ, ಬಸ್ಸು ಹತ್ತಿ ಹೋದವನನ್ನು ಯಾರು ಕೇಳುತ್ತಾರೆ?

ಆಗಸ್ಟ್‌ನ ಹನ್ನೊಂದು ದಿನ

2018ರ ಆಗಸ್ಟ್ 14ರಂದು ಒಕ್ಕೂಟದ ಸಂಸದರ ಸಭೆ ನೆಗ್‌ಗೆ ಒಪ್ಪಿಗೆ ಕೊಟ್ಟಿತು. ಬಹುಮತ ಸ್ಪಷ್ಟವಾಗಿತ್ತು. ಆದರೆ ಅಬಾಟ್ ಸೇರಿ ಸುಮಾರು ಹತ್ತು ಮಂದಿ ವಿರೋಧಿಸಿದರು. ಹಲವರು ಸದನದಲ್ಲಿ ಎದುರು ಮತ ಹಾಕುವ ಹಕ್ಕು ಉಳಿಸಿಕೊಂಡರು. ಲಿಬರಲ್ ಪಕ್ಷದಲ್ಲಿ ಹಾಗೆ ಮಾಡಿದವರನ್ನು ಉಚ್ಚಾಟಿಸುವ ಪದ್ಧತಿ ಇಲ್ಲ. ಲೇಬರ್‌ನಲ್ಲಾದರೆ ಪಕ್ಷದ ಎದುರು ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು.

76ರಲ್ಲಿ ಹತ್ತು ಹೋದರೆ ಮಸೂದೆ ಸೋಲುತ್ತದೆ. ಲೇಬರ್ ಬೆಂಬಲಿಸಿದರೆ ಗೆಲ್ಲುತ್ತದೆ. ಲೇಬರ್‌ಗೆ ಗುರಿ ಶೇ. 45 ಬೇಕಿತ್ತು, ಆದರೂ ಮಾತಿಗೆ ಬಾಗಿಲು ತೆರೆದೇ ಇತ್ತು. ಹಾಗಾದರೆ ಟರ್ನ್‌ಬುಲ್ ಯಾಕೆ ಮುನ್ನುಗ್ಗಲಿಲ್ಲ? ಇಡೀ ಪ್ರಕರಣದ ಗಂಟು ಇದೇ. ವಿರೋಧ ಪಕ್ಷದ ಮತ ಪಡೆದು ಸ್ವಂತ ಪಕ್ಷದ ಹತ್ತು ಜನರನ್ನು ಸೋಲಿಸಿದರೆ ಏನಾಗುತ್ತದೆ ಎಂದು 2009ರಲ್ಲಿ ಅವರು ಕಂಡಿದ್ದರು. ದೇಶದ ಸಂಸತ್ತಿನಲ್ಲಿ ನೆಗ್‌ಗೆ ಬಹುಮತ ಸಿಗುತ್ತಿತ್ತು, ಪಕ್ಷದ ಸಭೆಯಲ್ಲಿ ಸಿಕ್ಕಿಯೇ ಇತ್ತು. ಎರಡೂ ಇದ್ದರೂ ಸಾಲಲಿಲ್ಲ.

ಶುಕ್ರವಾರ 17ರಂದು ಗುರಿಯನ್ನು ಕಾನೂನಿನಲ್ಲಿ ಬರೆಯುವ ಬದಲು ಸರ್ಕಾರಿ ಆದೇಶದಲ್ಲಿ ಇಡುವ ಮಾತು ಬಂತು. ಇದು ಯಾರಿಗೂ ಹಿಡಿಸಲಿಲ್ಲ. ಸೋಮವಾರ 20ರಂದು ಹೊಗೆಯ ಗುರಿಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ ಎಂದರು. ಒಂದು ವಾರದ ಹಿಂದೆ ಪಕ್ಷವೇ ಒಪ್ಪಿದ್ದನ್ನು ಪ್ರಧಾನಿ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟರೆ ಕುರ್ಚಿಯಾದರೂ ಉಳಿಯುತ್ತದೆ ಎಂದುಕೊಂಡಿದ್ದರೇನೋ. ಇವರು ಒತ್ತಿದರೆ ಬಾಗುತ್ತಾರೆ ಅನ್ನುವುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

ಮಂಗಳವಾರ 21ರಂದು ಟರ್ನ್‌ಬುಲ್ ತಾವೇ ನಾಯಕತ್ವದ ಮತಕ್ಕೆ ಕರೆದರು. ತಮ್ಮದೇ ಗೃಹ ಮಂತ್ರಿ ಪೀಟರ್ ಡಟನ್ ಎದುರು 48–35ರಲ್ಲಿ ಗೆದ್ದರು. 35 ಅನ್ನುವುದು ಚಿಕ್ಕ ಸಂಖ್ಯೆಯಲ್ಲ. ಡಟನ್ ಕಡೆಯವರು ಮತ್ತೊಂದು ಸುತ್ತಿಗೆ ಸಹಿ ಸಂಗ್ರಹ ಶುರು ಮಾಡಿದರು. 43 ಸಹಿ ತೋರಿಸಿ ಎಂದರು ಟರ್ನ್‌ಬುಲ್. 43ನೇ ಸಹಿ ಹಾಕಿದ ವಾರೆನ್ ಎಂಟ್ಷ್ ಹೆಸರಿನ ಪಕ್ಕದಲ್ಲಿ 'ಬ್ರೆಂಡನ್ ನೆಲ್ಸನ್‌ಗಾಗಿ' ಎಂದು ಬರೆದರು. 2008ರಲ್ಲಿ ನೆಲ್ಸನ್ ಅವರನ್ನು ನಾಯಕತ್ವದಿಂದ ಇಳಿಸಿದ್ದು ಟರ್ನ್‌ಬುಲ್. ಹತ್ತು ವರ್ಷದ ಲೆಕ್ಕ ಅವತ್ತು ಚುಕ್ತಾ ಆಯಿತು. ಇಂಧನ ನೀತಿಗೂ ಆ ಸಹಿಗೂ ಏನು ಸಂಬಂಧ? ಏನೂ ಇಲ್ಲ. ಇಂಥ ಜಗಳಗಳಲ್ಲಿ ನೀತಿ ಎಷ್ಟು, ಹಳೆಯ ಮುನಿಸು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಶುಕ್ರವಾರ 24ರಂದು 45–40ರಲ್ಲಿ ನಾಯಕತ್ವ ತೆರವಾಯಿತು. ಟರ್ನ್‌ಬುಲ್ ಸ್ಪರ್ಧಿಸಲಿಲ್ಲ. ಮೊದಲ ಸುತ್ತಿನಲ್ಲಿ ಡಟನ್‌ಗೆ 38, ಮಾರಿಸನ್‌ಗೆ 36, ಜೂಲಿ ಬಿಷಪ್‌ಗೆ 11. ಕೊನೆಯ ಸುತ್ತಿನಲ್ಲಿ ಮಾರಿಸನ್ 45, ಡಟನ್ 40. ಬಂಡಾಯ ಹೂಡಿದವರ ಅಭ್ಯರ್ಥಿ ಸೋತರು. ಕಲ್ಲಿದ್ದಲ ಉಂಡೆ ತಂದವರು ಪ್ರಧಾನಿಯಾದರು.

ಆಮೇಲೆ

ಟರ್ನ್‌ಬುಲ್ ರಾಜೀನಾಮೆ ಕೊಟ್ಟ ಸಿಡ್ನಿಯ ವೆಂಟ್‌ವರ್ತ್ ಕ್ಷೇತ್ರದಲ್ಲಿ ಅಕ್ಟೋಬರ್‌ನಲ್ಲಿ ಉಪಚುನಾವಣೆ ನಡೆದು ಪಕ್ಷೇತರ ಅಭ್ಯರ್ಥಿ ಕೆರಿನ್ ಫೆಲ್ಪ್ಸ್ ಗೆದ್ದರು. ಸರ್ಕಾರದ ಒಂದು ಸೀಟಿನ ಬಹುಮತ ಹೋಯಿತು. 2019ರ ಮೇ ಚುನಾವಣೆಗೆ ಮೊದಲು ವಾರಿಂಗಾ ಕ್ಷೇತ್ರದಲ್ಲಿ ಪಕ್ಷೇತರೆ ಜಾಲಿ ಸ್ಟೆಗ್ಗಲ್ ಹವಾಮಾನದ ವಿಷಯ ಹಿಡಿದು ಅಬಾಟ್ ಅವರನ್ನು ಮೂಲೆಗೆ ಒತ್ತಿದಾಗ, ಪ್ಯಾರಿಸ್ ಬಿಡಬೇಕಾಗಿಲ್ಲ ಎಂದು ಅಬಾಟ್ ಮಾತು ಬದಲಿಸಿದರು. ಪ್ರಯೋಜನವಾಗಲಿಲ್ಲ. 1994ರಿಂದ ಕೈಯಲ್ಲಿದ್ದ ಕ್ಷೇತ್ರ ಹೋಯಿತು.

ಆದರೆ ಮಾರಿಸನ್ ಗೆದ್ದರು. ಗೆಲುವಿನ ದೊಡ್ಡ ಪಾಲು ಬಂದದ್ದು ಕ್ವೀನ್ಸ್‌ಲ್ಯಾಂಡ್‌ನಿಂದ. ಅಲ್ಲಿನ ಗೆಲಿಲೀ ಕೊಳ್ಳದ ಕಾರ್ಮೈಕಲ್ ಕಲ್ಲಿದ್ದಲು ಗಣಿ ಚುನಾವಣೆಯ ವಿಷಯವಾಗಿತ್ತು. ಗಣಿ ಅದಾನಿ ಸಮೂಹದ್ದು, ಆಮದು ಕಲ್ಲಿದ್ದಲಿನಿಂದ ಓಡುವ ಉಡುಪಿ ಜಿಲ್ಲೆಯ ಎಲ್ಲೂರಿನ ಸ್ಥಾವರವನ್ನು 2015ರಲ್ಲಿ ಕೊಂಡ ಅದೇ ಸಮೂಹ. ದಕ್ಷಿಣದ ನಗರಗಳಿಂದ ಪರಿಸರವಾದಿಗಳು ಕಾರುಗಳ ಮೆರವಣಿಗೆಯಲ್ಲಿ ಅಲ್ಲಿಗೆ ಹೋಗಿ 'ಅದಾನಿ ನಿಲ್ಲಿಸಿ' ಎಂದಾಗ ಗಣಿ ಊರುಗಳ ಜನ ಕೆರಳಿದರು. ಹ್ಯಾನ್ಸನ್ ಪಕ್ಷಕ್ಕೂ ಪಾಮರ್ ಪಕ್ಷಕ್ಕೂ ಮತ ಬಿತ್ತು. ಒನ್ ನೇಷನ್ ಮತಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮುಂದಿನ ಆಯ್ಕೆಯಾಗಿ ಒಕ್ಕೂಟಕ್ಕೇ ಮರಳಿತು. ಇಷ್ಟು ವರ್ಷ ಹೆದರಿದ್ದ ಸೋರಿಕೆ ಬಕೆಟ್ಟಿಗೇ ವಾಪಸು ಬಂದಿತ್ತು. ಬರ್ನಾರ್ಡಿ ಪಕ್ಷಕ್ಕೆ ದೇಶದ ಸೆನೆಟ್ ಮತದಲ್ಲಿ ಶೇ. 1 ಕೂಡ ಬರಲಿಲ್ಲ. ಮರುತಿಂಗಳೇ ಪಕ್ಷ ಮುಚ್ಚಿ, 2020ರ ಜನವರಿಯಲ್ಲಿ ಸೆನೆಟ್ಟನ್ನೂ ಬಿಟ್ಟರು.

ನೆಗ್ ಪೂರ್ತಿ ಸಾಯಲಿಲ್ಲ. ಬೇಕೆಂದಾಗ ಕರೆಂಟು ಸಿಗಬೇಕು ಅನ್ನುವ ಮೊದಲ ಷರತ್ತು 2019ರ ಜುಲೈನಿಂದ ಜಾರಿಗೆ ಬಂತು. ಹೊಗೆಯ ಷರತ್ತು ಮಾತ್ರ ಹೋಯಿತು. ಮುಚ್ಚಬಾರದು ಎಂದು ಸರ್ಕಾರ ಹಟ ಹಿಡಿದಿದ್ದ ಲಿಡೆಲ್ ಸ್ಥಾವರ 2023ರ ಏಪ್ರಿಲ್‌ನಲ್ಲಿ ಮುಚ್ಚಿತು. ಮೊನಾಶ್ ಫೋರಂ ಕೇಳಿದ ಹೊಸ ಕಲ್ಲಿದ್ದಲು ಸ್ಥಾವರ ಒಂದೂ ಎದ್ದಿಲ್ಲ. ಈ ನಡುವೆ 40 ಲಕ್ಷಕ್ಕೂ ಹೆಚ್ಚು ಚಾವಣಿಗಳ ಮೇಲೆ ಸೋಲಾರ್ ಬಂತು. ಆ ಚಾವಣಿಗಳ ಕೆಳಗೆ ಒನ್ ನೇಷನ್ ಮತದಾರರೂ ಇದ್ದಾರೆ.

2022ರಲ್ಲಿ ಹವಾಮಾನದ ವಿಷಯ ಹಿಡಿದ ಪಕ್ಷೇತರ ಮಹಿಳೆಯರು ಲಿಬರಲ್ ಪಕ್ಷದ ಶ್ರೀಮಂತ ನಗರ ಕ್ಷೇತ್ರಗಳನ್ನು ಕಿತ್ತುಕೊಂಡರು. ಫ್ರೈಡನ್‌ಬರ್ಗ್ ಸೋತದ್ದು ಅವರಲ್ಲೊಬ್ಬರಿಗೆ. ಬಲಕ್ಕೆ ಸೋರುವ ಮತ ತಡೆಯಲು ಹೋಗಿ ಎಡಕ್ಕೆ ಸೀಟೇ ಕಳೆದುಕೊಂಡರು. ನಾಯಕನಾದ ಡಟನ್ ಏಳು ಕಡೆ ಅಣುಸ್ಥಾವರ ಕಟ್ಟುವ ಯೋಜನೆ ತಂದರು. 2025ರ ಮೇ ಚುನಾವಣೆಯಲ್ಲಿ ಲೇಬರ್ 94 ಸ್ಥಾನ ಗೆದ್ದಿತು, ಡಟನ್ ಸ್ವಂತ ಕ್ಷೇತ್ರವನ್ನೂ ಕಳೆದುಕೊಂಡರು. ಅದೇ ತಿಂಗಳು ನ್ಯಾಷನಲ್ಸ್ ಒಕ್ಕೂಟದಿಂದ ಹೊರನಡೆದು, ಎಂಟೇ ದಿನದಲ್ಲಿ ವಾಪಸು ಬಂದರು. ಜಗಳದ ವಿಷಯಗಳಲ್ಲಿ ಅಣುವಿದ್ಯುತ್ತೂ ಒಂದು.

ನವೆಂಬರ್‌ನಲ್ಲಿ ಮೊದಲು ನ್ಯಾಷನಲ್ಸ್, ಹಿಂದೆಯೇ ಲಿಬರಲ್ಸ್, 2050ಕ್ಕೆ ಹೊಗೆಯನ್ನು ನಿವ್ವಳ ಶೂನ್ಯಕ್ಕೆ ತರುವ ಗುರಿಯನ್ನು ಕೈಬಿಟ್ಟವು. ಆ ಗುರಿಯ ವಿರುದ್ಧ ಎಲ್ಲರಿಗಿಂತ ಜೋರಾಗಿ ಕೂಗಿದವರು ನ್ಯಾಷನಲ್ಸ್‌ನ ಹಳೆಯ ನಾಯಕ, ಮೊನಾಶ್ ಫೋರಂನ ಬಾರ್ನಬಿ ಜಾಯ್ಸ್. ಕೇಳಿದ್ದು ಸಿಕ್ಕಿತ್ತು. ಅದೇ ತಿಂಗಳ ಕೊನೆಯಲ್ಲಿ ಅವರು ಪಕ್ಷ ಬಿಟ್ಟರು, ಡಿಸೆಂಬರ್‌ನಲ್ಲಿ ಒನ್ ನೇಷನ್ ಸೇರಿದರು. ನ್ಯಾಷನಲ್ಸ್‌ನ ಆಗಿನ ನಾಯಕ ಡೇವಿಡ್ ಲಿಟಲ್‌ಪ್ರೌಡ್ ಜೊತೆ ಅವರ ಸಂಬಂಧ ಮೊದಲೇ ಹಳಸಿತ್ತು. ಬರ್ನಾರ್ಡಿ 2017ರಲ್ಲಿ ಖಾಲಿ ನಿವೇಶನಕ್ಕೆ ಹೋಗಿ ಮನೆ ಕಟ್ಟಬೇಕಿತ್ತು. ಜಾಯ್ಸ್ ಹೋದದ್ದು ಸಮೀಕ್ಷೆಗಳಲ್ಲಿ ಎರಡಂಕಿ ದಾಟಿದ್ದ ಪಕ್ಷಕ್ಕೆ. ಹೆದರಿಸಿ ಒಳಗೇ ಕೂರುವುದು ಲಾಭ ಅನ್ನುವ 2018ರ ಲೆಕ್ಕ ಅವರಿಗೆ ಒಪ್ಪುತ್ತಿರಲಿಲ್ಲ.